ಬೈಸನ್ ಇತ್ತು, ನೀರಿರಲಿಲ್ಲ

ನೀರು ಹೋಯಿತು, ಬೇಟೆಗಾರರೂ ಹೋದರು. ಅಲ್ಲಿ ನಡೆದದ್ದು ಇಷ್ಟೇ.

ಲಾಸ್ ಏಂಜಲೀಸಿನ ಮ್ಯೂಸಿಯಮ್ಮಿನಲ್ಲಿ ಬೈಸನ್ ಅನ್ನುವ ಇಲ್ಲಿನ ಕಾಡುಕೋಣದ ಬುರುಡೆ ಇಟ್ಟಿದ್ದಾರೆ. ಒರಳುಕಲ್ಲಿನಷ್ಟಿದೆ. ಪಕ್ಕದ ಬೋರ್ಡನ್ನು ಸೊಸೆ ಸುಧಾ ಓದಿ ಹೇಳಿದಳು. ಹಿಂದಿನ ಕಾಲದ ಬೇಟೆಗಾರರು ಹುಲ್ಲುಗಾವಲಿನ ಒಂದು ಹಳ್ಳದ ಬಳಿ ತಲೆತಲಾಂತರ ಇವನ್ನು ಹೊಡೆದು ತಿಂದರಂತೆ. ಆಮೇಲೆ ಜಾಗವನ್ನೇ ಬಿಟ್ಟರಂತೆ.

"ಕೋಣ ಖಾಲಿ ಆಯ್ತೇನೋ," ಅಂದೆ.

"ಇಲ್ಲ ಅತ್ತೆ, ಹಿಂಡು ಅಲ್ಲೇ ಇತ್ತಂತೆ. ಮಳೆ ಕೈಕೊಟ್ಟು ಹಳ್ಳ ಒಣಗಿಹೋಯ್ತು. ಮಾಂಸ ತೊಳೆಯೋಕೆ, ಬೇಯಿಸೋಕೆ ನೀರಿಲ್ಲ."

ಊಟ ಕಣ್ಣೆದುರೇ ಹುಲ್ಲು ಮೇಯುತ್ತಿದೆ, ಜನ ಗಂಟುಮೂಟೆ ಕಟ್ಟುತ್ತಿದ್ದಾರೆ! ಕೋಣವಾದರೂ ದೂರ ಹೋಗಿ ಕುಡಿದು ಬಂದೀತು, ಮಕ್ಕಳನ್ನು ಕಟ್ಟಿಕೊಂಡವರು ಏನು ಮಾಡಿಯಾರು? ಅಲ್ಲೇ ಬೆಂಚಿನ ಮೇಲೆ ಕುಳಿತೆ.

"ಅಜ್ಜಿ, ಆರ್ ಯು ಓಕೆ?" ಮೊಮ್ಮಗಳು ಕೇಳಿದಳು.

"ಓಕೆ ಅಲ್ಲ," ಅಂದೆ.

ಸೊಸೆಗೆ ಇದೇ ಸಮಯ ಸಿಕ್ಕಿತು. "ಪೈಪ್ ಹಿಡಿದು ಬಾಗಿಲು ತೊಳೀಬೇಡಿ ಅಂತ ನೀವು ಬಂದಾಗಿಂದ ಬಡ್ಕೋತಿದೀನಿ. ಇಲ್ಲಿ ಬರಗಾಲ. ನೀವು ನೋಡಿದ್ರೆ ಒಣ ಹೊಸಿಲಿಗೆ ಲಕ್ಷ್ಮಿ ಬರಲ್ಲ ಅಂತೀರಿ. ಪಕ್ಕದ ಮನೆಯವ್ರು ಕಂಪ್ಲೇಂಟ್ ಮಾಡಿದಾರೆ, ನಂಗೆ ಅವರ ಮುಖ ನೋಡೋಕಾಗ್ತಿಲ್ಲ."

ಸಂಜೆ ಗ್ಲೆಂಡೇಲಿನಲ್ಲಿರುವ ಮಗನ ಮನೆಗೆ ಮರಳಿದೆವು.

ಮರುದಿನ ಬೆಳಿಗ್ಗೆ ಪೈಪ್ ಮುಟ್ಟದೆ, ಪೊರಕೆಯಲ್ಲಿ ಗುಡಿಸಿ, ಒಣ ನೆಲದ ಮೇಲೇ ರಂಗೋಲಿ ಬಿಟ್ಟೆ. ಅರ್ಧ ಪುಡಿ ಗಾಳಿಗೆ ಹಾರಿಹೋಯಿತು. ಬಗ್ಗಿ ಮತ್ತೆ ಬಿಟ್ಟೆ.