ಬೇಸ್ ಇಲ್ಲದ ಒಂದು ಮದುವೆ

ಯಲಬುರ್ಗಾಕ್ಕೆ ವರ್ಗವಾಗಿ ಬಂದ ಮೊದಲ ಭಾನುವಾರ, ಬೆಳಿಗ್ಗೆ ಸಾಮಾನೆಲ್ಲ ಹೊಂದಿಸಿಟ್ಟ ಮೇಲೆ, ನಾನು ಬೇಸ್ ಗಿಟಾರನ್ನು ಚೀಲದಿಂದ ತೆಗೆದು ದನಿ ಹೆಚ್ಚಿಸುವ ಆಂಪಿಗೆ ಸಿಕ್ಕಿಸಿದೆ. ಮಹಡಿಯ ಮೇಲಿನ ಒಂಟಿ ಕೋಣೆ. ಸಣ್ಣದೊಂದು ಅಡುಗೆ ಕಟ್ಟೆ, ಒಂದು ಮಂಚ, ಕಟ್ಟಿಗೆಯ ಹಳೆ ಅಲಮಾರು. ನುಡಿಸತೊಡಗಿ ಹತ್ತು ನಿಮಿಷವೂ ಆಗಿರಲಿಲ್ಲ, ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿತು. ಕೆಳಗಿನ ಮನೆಯ ಒಡತಿ, ಅರವತ್ತು ದಾಟಿದ ಅಮ್ಮ, ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದರು.

"ಏನ್ ನಡಿಸೀರಿ ಟೀಚರ್ರ? ನಮ್ಮ ಅಡಗಿ ಮನ್ಯಾಗ ತಾಟು, ವಾಟಗ ಎಲ್ಲಾ ಗಡಗಡ ನಡಗಾಕ ಹತ್ಯಾವು. ನಾ ಬೋರ್ ಹೊಡಸೋ ಗಾಡಿ ಬಂತೇನೋ ಅನಕೊಂಡೆ."

"ತಪ್ಪಾತ್ರಿ ಅಮ್ಮಾರ. ಗಿಟಾರ್ ಬಾರಸಾಕ ಹತ್ತಿದ್ದೆ."

"ಗಿಟಾರಂದ್ರ ಟಿವ್ಯಾಗ ಕಿಣಿಕಿಣಿ ಅಂತೈತಲ್ಲ?"

"ಅದು ಬ್ಯಾರೆರಿ. ಇದು ದಪ್ಪ ತಂತೀದು. ತಳದ ದನಿ."

ಅವರು ಸಿಟ್ಟಾಗಿರಲಿಲ್ಲ. ಮಂಚದ ತುದಿಗೆ ಕೂತು, "ಹಂಗಾರ ಒಂದ್ ಹಾಡು ಬಾರಿಸ್ರಿ, ಕೇಳೂಣು" ಎಂದರು. ನಾನು ಆಂಪಿನ ದನಿ ತಗ್ಗಿಸಿ, ಎಲ್ಲರಿಗೂ ಗೊತ್ತಿರುವ ಒಂದು ಹಳೆಯ ಚಿತ್ರಗೀತೆಯನ್ನು ಪಲ್ಲವಿಯಿಂದ ಎರಡನೆಯ ಚರಣದವರೆಗೆ ನುಡಿಸಿದೆ. ಅವರು ಸೆರಗು ಕೈಯಲ್ಲಿ ಹಿಡಿದುಕೊಂಡು ಕೊನೆಯವರೆಗೂ ಕಾದರು.

"ಛಲೋ ಐತಿ. ಹಾಡು ಯಾವಾಗ ಬರ್ತೈತಿ?"

"ಇದ ಹಾಡಿಂದುರಿ. ಬಾಯಿಲೆ ಹಾಡೋರು ಬ್ಯಾರೆಯವರಿರ್ತಾರ."

"ಅಯ್ಯ! ಹಂಗಾರ ನೀವೊಬ್ರ ಕುಂತು ಇದನ್ನ ಏನ್ ಮಾಡ್ತೀರಿ?"

ಅವರು ಕುಹಕದಿಂದ ಕೇಳಲಿಲ್ಲ, ನಿಜಕ್ಕೂ ತಿಳಿಯಲೆಂದು ಕೇಳಿದರು. ನಾನು ಎದ್ದು ಒಲೆ ಹಚ್ಚಿದೆ. ಚಹಾ ಮಾಡಿಕೊಟ್ಟೆ. ಕುಡಿದು ಹೋದರು. ಅವರು ಹೋದ ಮೇಲೆ ಆಂಪಿನ ತಂತಿ ಕಿತ್ತು ಸುತ್ತಿಟ್ಟೆ.

ನಾನು ಕಲಿಸುವುದು ಗಣಿತ, ಹೈಸ್ಕೂಲಿನಲ್ಲಿ. ಬೇಸ್ ಹಿಡಿದದ್ದು ಬಿ.ಎಡ್. ಓದುವಾಗ, ಕೊಪ್ಪಳದಲ್ಲಿ. ಅಲ್ಲೊಂದು ಮದುವೆ ಆರ್ಕೆಸ್ಟ್ರಾ ಇತ್ತು. ಕೋರಸ್ಸಿಗೆ ಹೆಣ್ಣುದನಿ ಬೇಕೆಂದು ನನ್ನನ್ನು ಕರೆದರು. ಹೋದೆ. ನನ್ನ ದನಿ ಹೇಳಿಕೊಳ್ಳುವಂಥದ್ದಲ್ಲ ಎಂಬುದು ನಾಲ್ಕೇ ಕಾರ್ಯಕ್ರಮಗಳಲ್ಲಿ ನನಗೂ ಅವರಿಗೂ ಗೊತ್ತಾಯಿತು. ಅದೇ ಹೊತ್ತಿಗೆ ಬೇಸ್ ನುಡಿಸುತ್ತಿದ್ದವನಿಗೆ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ ಸಿಕ್ಕಿತು, ಗಿಟಾರು ಮೂಲೆ ಸೇರಿತು. ಕೀಬೋರ್ಡ್ ನುಡಿಸುತ್ತಿದ್ದವರೇ ತಂಡದ ಹಿರಿಯರು. ನನಗಿಂತ ಹತ್ತು ವರ್ಷ ದೊಡ್ಡವರು, ಕೋರ್ಟಿನ ಎದುರು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದರು. ನಾನು ಅವರನ್ನು ಅಣ್ಣಾರ ಎನ್ನುತ್ತಿದ್ದೆ. ಒಂದು ದಿನ ಅವರು ಗಿಟಾರಿನ ಧೂಳು ಒರೆಸಿ ನನ್ನ ಕೈಗೆ ಕೊಟ್ಟು, "ಲೆಕ್ಕದಾಕಿ ಅದಿ ನೀನು. ಇದೂ ಲೆಕ್ಕನ ನೋಡವಾ. ಎಣಿಸಿದ್ರ ಆತು" ಎಂದರು.

ಎಣಿಸಿದೆ. ಮೂರು ತಿಂಗಳು ಬೆರಳ ತುದಿ ಸುಲಿದು ಹೋಯಿತು, ಸೀಮೆಸುಣ್ಣ ಹಿಡಿದರೆ ಉರಿಯುತ್ತಿತ್ತು. ಆಮೇಲೆ ಹನ್ನೊಂದು ವರ್ಷ ನಾನು ಆ ತಂಡದ ಬೇಸ್ ಆಗಿದ್ದೆ. ಪ್ರತಿ ಕಾರ್ಯಕ್ರಮದಲ್ಲೂ ಮುಂದಿನ ಸಾಲಿನಿಂದ ಯಾರಾದರೊಬ್ಬರು, "ಆ ಹೆಣ್ಮಗಳು ಯಾವಾಗ ಹಾಡ್ತಾಳ?" ಎಂದು ಕೇಳುತ್ತಿದ್ದರು. "ಆಕಿ ಹಾಡಂಗಿಲ್ರಿ" ಎಂದರೆ, ಮೈಯಲ್ಲಿ ಹುಷಾರಿಲ್ಲವೇನೋ ಎಂಬಂತೆ ನೋಡುತ್ತಿದ್ದರು.

ಇಷ್ಟು ವರ್ಷ ಒಂದೇ ವಾದ್ಯದ ಜೊತೆ ಇದ್ದರೆ ಹಟಗಳು ಬೆಳೆಯುತ್ತವೆ. ನನಗೆ ನಾಲ್ಕು ತಂತಿ ಸಾಕು. ಐದನೆಯ ತಂತಿ ಇರುವ ಗಿಟಾರು ನುಡಿಸಿ ನೋಡಿದ್ದೇನೆ. ಆ ಕೆಳಗಿನ ದನಿ ನಮ್ಮ ಮದುವೆ ಮಂಟಪಗಳ ತಗಡಿನ ಚಾವಣಿಗೆ ಬಡಿದು ಬರೀ ಗುಂಯ್ ಎನ್ನುತ್ತದೆ. ಹೊಸ ತಂತಿ ನನಗೆ ಸೇರುವುದಿಲ್ಲ. ಅದು ಸ್ಟೀಲಿನ ಅಂಗಡಿಯ ಹಾಗೆ ಝಣಗುಡುತ್ತದೆ. ಎರಡು ವರ್ಷ ಬೆರಳ ಬೆವರು ಕುಡಿದು ಮಂಕಾದ ತಂತಿಯೇ ನನಗೆ ಬೇಕು. ತಂತಿಗಳ ಬುಡದಲ್ಲಿ ಪಾತ್ರೆ ತಿಕ್ಕುವ ಸ್ಪಂಜಿನ ತುಂಡೊಂದನ್ನು ತುರುಕಿದ್ದೇನೆ. ಆಗ ಸ್ವರ ಹುಟ್ಟಿದಷ್ಟೇ ಬೇಗ ಮುಗಿಯುತ್ತದೆ, ಮುಂದಿನದಕ್ಕೆ ದಾರಿ ಬಿಡುತ್ತದೆ. ಬಣ್ಣದ ದೀಪ ಮಿನುಗುವ ಆಂಪುಗಳನ್ನು ನಾನು ನಂಬುವುದಿಲ್ಲ. ಮೆರವಣಿಗೆಯಲ್ಲಿ ಎದೆಗೆ ಗುದ್ದುವ ಡಿಜೆ ಬಾಕ್ಸಿನದು ಬೇಸ್ ಅಲ್ಲ, ಅದು ಪೆಟ್ಟು. ಬೇಸ್ ಎಂದರೆ ಕಾಲ ಕೆಳಗಿನ ನೆಲ. ಯಾರೂ ನೆಲವನ್ನು ನೋಡುತ್ತ ನಡೆಯುವುದಿಲ್ಲ, ಆದರೆ ಅದು ಇಲ್ಲದಿದ್ದರೆ ಗೊತ್ತಾಗಿಯೇ ಆಗುತ್ತದೆ. ಹಾಗೆಂದು ನಾನು ನಂಬಿದ್ದೆ.

ಹಾಡುಗಳ ವಿಷಯದಲ್ಲೂ ನನ್ನ ರುಚಿ ಯಾರಿಗೂ ಹೊಂದುತ್ತಿರಲಿಲ್ಲ. ಬಸ್ಸಿನಲ್ಲಿ ಡ್ರೈವರ್ ಹಾಡು ಹಾಕಿದರೆ ಉಳಿದವರು ಸಾಹಿತ್ಯ ಗುನುಗುತ್ತಾರೆ. ನನಗೆ ಕೇಳುವುದು ಅದರ ತಳದಲ್ಲಿ ಯಾರೋ ಹೆಸರಿಲ್ಲದವರು ನುಡಿಸಿದ ನಾಲ್ಕು ಸ್ವರ. ಸ್ಟಾಫ್ ರೂಮಿನಲ್ಲಿ ಒಮ್ಮೆ ನಿಮಗಿಷ್ಟವಾದ ಹಾಡು ಯಾವುದು ಎಂದು ಕೇಳಿದಾಗ, ಒಂದು ಹಾಡಿನ ಎರಡನೇ ಚರಣದಲ್ಲಿ ಗಾಯಕಿ ಉಸಿರು ತೆಗೆದುಕೊಳ್ಳುವಾಗ ಬೇಸ್ ಒಂದು ಮೆಟ್ಟಿಲು ಇಳಿದು ನಿಲ್ಲುತ್ತದೆ, ಆ ಜಾಗ ಇಷ್ಟ ಎಂದೆ. ಯಾರೋ ಪರೀಕ್ಷೆಯ ವಿಷಯ ತೆಗೆದರು.

ಹನ್ನೊಂದನೆಯ ವರ್ಷ, ಗಂಗಾವತಿಯ ಹತ್ತಿರ ಮರಳಿ ಎಂಬ ಊರಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದೆವು. ಕಾಲುವೆ ನೀರಿನ ಸೀಮೆ, ಎತ್ತ ನೋಡಿದರೂ ನಾಟಿಯಾದ ಭತ್ತ. ಅಲ್ಲಿನವರು ಕನ್ನಡದ ಎರಡು ಹಾಡಿಗೆ ತೆಲುಗಿನ ಮೂರು ಕೇಳುತ್ತಾರೆ. ಅಣ್ಣಾರ ಹೊಸ ಕೀಬೋರ್ಡ್ ತಂದಿದ್ದರು. ಅದರ ಎಡ ಅರ್ಧವನ್ನು ಬೇಸ್ ದನಿಗೆ ಬಿಟ್ಟು, ಬಲ ಅರ್ಧದಲ್ಲಿ ಉಳಿದದ್ದನ್ನೆಲ್ಲ ನುಡಿಸಬಹುದಿತ್ತು. ನಾನು ಗಿಟಾರಿನ ಚೀಲ ಬಿಚ್ಚುವಷ್ಟರಲ್ಲಿ ಅವರು ಹತ್ತಿರ ಬಂದರು.

"ಇವತ್ತೊಂದಿನ ನೀ ಮುಂದ ಕುಂತ ಕೇಳವಾ. ಹೆಂಗ್ ಬರ್ತೈತಿ ಹೇಳು."

ಊಟದ ಹೊತ್ತು. ನಾನು ಪ್ಲಾಸ್ಟಿಕ್ ಕುರ್ಚಿಗಳ ನಡುವೆ, ಮಂದಿಯೊಳಗೆ ಕೂತೆ. ಹನ್ನೊಂದು ವರ್ಷದಲ್ಲಿ ನಮ್ಮ ತಂಡವನ್ನು ಎದುರಿನಿಂದ ನೋಡಿದ್ದು ಅದೇ ಮೊದಲು. ಅಣ್ಣಾರ ಎಡಗೈ ಓಡತೊಡಗಿತು. ಎಲ್ಲ ಖಾಲಿ ಜಾಗವನ್ನೂ ಅದು ತುಂಬುತ್ತಿತ್ತು, ಎಲ್ಲಿಯೂ ನಿಲ್ಲುತ್ತಿರಲಿಲ್ಲ. ನಾನು ಜನರ ಮುಖ ನೋಡಿದೆ. ಯಾರಾದರೂ ಒಬ್ಬರು ಹುಬ್ಬು ಗಂಟಿಕ್ಕುತ್ತಾರೆ, ಏನೋ ಕಡಿಮೆಯಾಗಿದೆ ಎಂದು ವೇದಿಕೆಯತ್ತ ತಿರುಗುತ್ತಾರೆ ಎಂದು ಕಾದೆ. ಮಕ್ಕಳು ಕುಣಿದರು. ಗಂಡಿನ ಕಡೆಯವರು ಸೀಟಿ ಹೊಡೆದರು. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು, "ಪಾಟ ಬಾಗುಂದಿ", ಹಾಡು ಚೆನ್ನಾಗಿದೆ, ಎಂದು ತನ್ನ ಸೊಸೆಗೆ ಹೇಳಿ ಚಪ್ಪಾಳೆ ತಟ್ಟಿದಳು. ಯಾರಿಗೂ ಏನೂ ಕಡಿಮೆಯಾಗಿರಲಿಲ್ಲ.

ನಾನು ಎದ್ದು ಊಟದ ಪಂಕ್ತಿಗೆ ಹೋಗಿ ಕೂತೆ. ಬಡಿಸಿದ್ದನ್ನೆಲ್ಲ ತಿಂದೆ, ಯಾವುದರ ರುಚಿಯೂ ನೆನಪಿಲ್ಲ.

ವಾಪಸ್ ಬರುವಾಗ ಗಾಡಿಯಲ್ಲಿ ಅಣ್ಣಾರ ಕೇಳಿದರು, "ಹೆಂಗಿತ್ತು?"

"ಛಲೋ ಬಂತ್ರಿ" ಎಂದೆ.

ತಂಡ ಬಿಡು ಎಂದು ಯಾರೂ ನನಗೆ ಹೇಳಲಿಲ್ಲ. ಮುಂದಿನ ಕಾರ್ಯಕ್ರಮಕ್ಕೆ ಗಾಡಿ ಸಣ್ಣದು ಎಂದರು, ಅದರ ಮುಂದಿನದಕ್ಕೆ ನಿನಗೆ ಶಾಲೆ ಇರುತ್ತದಲ್ಲ ಎಂದರು. ಅದರ ಮುಂದೆ ಫೋನೇ ಬರಲಿಲ್ಲ. ಗಿಟಾರು ನನ್ನ ಬಳಿಯೇ ಉಳಿಯಿತು, ಯಾರೂ ಕೇಳಲಿಲ್ಲ. ಆ ವರ್ಷ ವರ್ಗಾವಣೆ ಕೌನ್ಸೆಲಿಂಗಿನಲ್ಲಿ ಯಲಬುರ್ಗಾ ಎಂದು ಬಂದಾಗ, ಒಲ್ಲೆ ಎನ್ನಲು ನನಗೆ ಕಾರಣವಿರಲಿಲ್ಲ. ಕೊಪ್ಪಳದಲ್ಲಿ ಒಡಹುಟ್ಟಿದ ಅಣ್ಣನ ಸಂಸಾರವಿದೆ. ನಾನು ಮದುವೆಯಾದವಳಲ್ಲ. ಎಲ್ಲಿದ್ದರೂ ನಡೆಯುತ್ತಿತ್ತು.

ಯಲಬುರ್ಗಾದ ಸಂಜೆಗಳು ಉದ್ದ. ನಾಲ್ಕೂವರೆಗೆ ಶಾಲೆ ಬಿಟ್ಟರೆ ಕಚೇರಿಗಳೂ ಖಾಲಿಯಾಗುತ್ತವೆ, ಹಳ್ಳಿಗಳ ಕಡೆಯ ಬಸ್ಸುಗಳು ಒಂದೊಂದೇ ಹೊರಡುತ್ತವೆ. ಊರಾಚೆಯ ಎರೆಹೊಲ ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಲಗಿರುತ್ತದೆ. ಆಂಪ್ ಹಚ್ಚದೆ ನುಡಿಸಲು ಒಂದು ದಾರಿ ಕಂಡುಕೊಂಡೆ. ಗಿಟಾರಿನ ತುದಿಯನ್ನು ಅಲಮಾರಿನ ಬಾಗಿಲಿಗೆ ಒತ್ತಿ ಹಿಡಿದರೆ ಇಡೀ ಅಲಮಾರು ಮೆಲ್ಲಗೆ ದನಿಗೂಡಿಸುತ್ತದೆ, ಕೆಳಗಿನ ಮನೆಗೆ ಕೇಳುವುದಿಲ್ಲ. ಗದ್ದವನ್ನು ಗಿಟಾರಿನ ಭುಜಕ್ಕೆ ಊರಿದರೆ ದನಿ ಹಲ್ಲಿನಲ್ಲಿ ಇಳಿದು ಕಿವಿಯೊಳಗಿನಿಂದಲೇ ಬರುತ್ತದೆ. ಜಗತ್ತಿನಲ್ಲಿ ನನ್ನೊಬ್ಬಳಿಗೆ ಮಾತ್ರ ಕೇಳುವ ಸಂಗೀತ ಅದು. ಮೊದಮೊದಲು ಅದು ಖುಷಿ ಕೊಟ್ಟಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ, ನಡುವೆ ನಿಲ್ಲಿಸಿ ಯಾರಾದರೂ ಹಾಡಲಿ ಎಂದು ಕಾಯುತ್ತಿರುವುದು ನನ್ನ ಗಮನಕ್ಕೇ ಬಂತು.

ಎರಡು ವರ್ಷವಾದ ಮೇಲೆ ಅಣ್ಣಾರ ಫೋನು ಬಂತು. ಸ್ಕೂಟರಿನಿಂದ ಬಿದ್ದಿದ್ದರು.

"ಎಡಗೈಗೆ ಪಟ್ಟಿ ಹಾಕ್ಯಾರವಾ. ಕುಷ್ಟಗ್ಯಾಗ ಮದಿವಿ ಒಪ್ಪಕೊಂಡೀವಿ. ಬರ್ತೀಯೇನು?"

ಕರೆದದ್ದು ನನ್ನನ್ನಲ್ಲ, ಮುರಿದ ಕೈಗೆ ಬದಲಿಯನ್ನು ಎಂದು ಗೊತ್ತಿತ್ತು. ಆದರೂ ರಜೆ ಹಾಕಿ ಬಸ್ಸು ಹತ್ತಿದೆ. ಗಿಟಾರನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು, ಎರಡನೇ ಚರಣಗಳನ್ನು ಮನಸ್ಸಿನಲ್ಲೇ ಎಣಿಸುತ್ತ ಕುಷ್ಟಗಿಯವರೆಗೆ ಕೂತಿದ್ದೆ.

ವೇದಿಕೆಯ ಮೇಲೆ ಎಲೆಕ್ಟ್ರಾನಿಕ್ ಡ್ರಮ್ಮಿನ ಪ್ಯಾಡ್ ನುಡಿಸುವವನು ಹೊಸಬ. "ಮೇಡಮ್, ಸ್ವಲ್ಪ ಜೋರ್ ಹೊಡೀರಿ, ಧಡಧಡ ಅನ್ನಬೇಕು" ಎಂದ. ನಾನು ಹೂಂ ಎಂದೆ, ಆದರೆ ಕೈ ಕೇಳಲಿಲ್ಲ. ಅಲಮಾರಿನ ಜೊತೆ ಎರಡು ವರ್ಷ ಕಳೆದು, ನನ್ನ ಬೆರಳು ಮೊದಲಿಗಿಂತಲೂ ಕಡಿಮೆ ಮಾತಾಡುವುದನ್ನು ಕಲಿತಿತ್ತು. ನಾಲ್ಕು ಹೊಡೆಯುವಲ್ಲಿ ಎರಡೇ ಹೊಡೆದೆ. ಮೂರನೆಯ ಹಾಡಿನಲ್ಲಿ ಅಣ್ಣಾರ ನನ್ನ ಕಡೆ ತಿರುಗಿ, ಬಲಗೈಯನ್ನೂ ಕೀಬೋರ್ಡಿನಿಂದ ಎತ್ತಿ, ಎರಡು ಸಾಲು ಸುಮ್ಮನೆ ಕೇಳಿದರು. ಗಾಯಕನ ದನಿ, ನನ್ನ ಬೇಸ್, ಇಷ್ಟೇ. ಮಂದಿ ಊಟ ಮಾಡುತ್ತಿದ್ದರು. ಯಾರೂ ತಲೆ ಎತ್ತಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಪಂಕ್ತಿಯಲ್ಲಿ ಅವರ ಪಕ್ಕ ಕೂತೆ. ಪಟ್ಟಿ ಹಾಕಿದ ಕೈ ಕೊರಳಿಗೆ ಜೋತುಬಿದ್ದಿತ್ತು. ಅವರು ರೊಟ್ಟಿಯನ್ನು ಒಂದೇ ಕೈಯಲ್ಲಿ ಮುರಿಯಲು ಒದ್ದಾಡುತ್ತಿದ್ದರು. ನಾನು ಮುರಿದು ಕೊಟ್ಟೆ.

"ನನ್ನ ಎಡಗೈ ಎಲ್ಲಾ ಕಲೀತವಾ" ಎಂದರು, ಎಲೆಯನ್ನೇ ನೋಡುತ್ತ. "ನಿನ್ನಂಗ ಸುಮ್ನ ಇರೂದು ಒಂದ ಕಲೀಲಿಲ್ಲ. ಮರಳ್ಯಾಗ ಬಾರಸೂ ಮುಂದನ ನನಗ ಗೊತ್ತಾಗಿತ್ತು."

"ಮತ್ತ ಹೇಳ್ಲಿಲ್ಲಲ್ರಿ ಅಣ್ಣಾರ?"

"ಹೇಳಿದ್ರ ನಿನ್ನ ಕರೀಬೇಕಾಗ್ತಿತ್ತು." ರೊಟ್ಟಿಯ ತುಂಡೊಂದನ್ನು ಪಲ್ಯಕ್ಕೆ ಹಚ್ಚಿ, "ಗಾಡ್ಯಾಗ ಖರೇನ ಜಾಗಾ ಇರ್ಲಿಲ್ಲವಾ" ಎಂದರು.

ನನಗೆ ನಗು ಬಂತು. ಅವರಿಗೂ ಬಂತು. ಅಳುವೂ ಅಷ್ಟೇ ಹತ್ತಿರದಲ್ಲಿತ್ತು, ಆದರೆ ಸಾರು ಬಡಿಸುವವನು ಬಂದುಬಿಟ್ಟ. ಬೇಸ್ ಇಲ್ಲದ್ದು ಯಾರಿಗೆ ತಿಳಿಯುತ್ತದೆಂದು ಮರಳಿಯ ಮಂಟಪದ ತುಂಬ ಮಂದಿಯಲ್ಲಿ ನಾನು ಹುಡುಕಿದ್ದ ಆ ಒಬ್ಬ ಮನುಷ್ಯ ವೇದಿಕೆಯ ಮೇಲೆಯೇ ಇದ್ದ. ಗೊತ್ತಿದ್ದೂ ಹೇಳಿರಲಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ಮತ್ತೆ ಕಾರ್ಯಕ್ರಮಕ್ಕೆ ಕರೆ ಬರಲಿಲ್ಲ. ಬರುತ್ತದೆಂದು ನಾನೂ ಅಂದುಕೊಂಡಿರಲಿಲ್ಲ. ಬದಲಿಗೆ ಒಂದು ಭಾನುವಾರ ಫೋನಿಗೆ ಒಂದು ಹಾಡು ಬಂತು. ಅವರು ಅಂಗಡಿಯಲ್ಲಿ ಕೂತು ಬಲಗೈಯಲ್ಲಷ್ಟೇ ನುಡಿಸಿದ್ದು. ತಳ ಖಾಲಿ. ಕೆಳಗಿನ ಮನೆಯ ಅಮ್ಮ ಬ್ಯಾಂಕಿಗೆ ಹೋದ ಒಂದು ಶನಿವಾರ ಮಧ್ಯಾಹ್ನ ಆಂಪ್ ಹಚ್ಚಿ, ಆ ಹಾಡಿನ ಜೊತೆ ನುಡಿಸಿ, ಧ್ವನಿಮುದ್ರಿಸಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನು ಬಂತು.

"ಏನೂ ಕೇಳವಲ್ದವಾ. ನಂದ ನನಗ ಕೇಳಸಾಕ ಹತ್ತೈತಿ. ನೀನ ಇಲ್ಲ ಇದರಾಗ."

ಫೋನಿನ ಪುಟ್ಟ ಸ್ಪೀಕರಿಗೆ ತಳದ ದನಿ ಬರುವುದಿಲ್ಲ. ನಾನು ಅದನ್ನು ಮರೆತೇಬಿಟ್ಟಿದ್ದೆ. "ಕಿವ್ಯಾಗ ಹಾಕ್ಕೊಂಡು ಕೇಳ್ರಿ ಅಣ್ಣಾರ, ದೊಡ್ಡ ಹೆಡ್‌ಫೋನ್ ಬೇಕು" ಎಂದೆ. ಸರಿ ಎಂದು ಇಟ್ಟರು. ನಾಲ್ಕು ದಿನ ಸುದ್ದಿಯಿಲ್ಲ. ಐದನೆಯ ದಿನ, ನಾನು ಒಂಬತ್ತನೇ ತರಗತಿಗೆ ಬಹುಪದೋಕ್ತಿ ಹೇಳಿಕೊಟ್ಟು ಹೊರಗೆ ಬಂದಾಗ, ಫೋನಿನಲ್ಲಿ ಒಂದೇ ಪದ ಇತ್ತು: ಕೇಳಿಸ್ತು.

ಅಂದಿನಿಂದ ತಿಂಗಳಿಗೊಂದು ಹಾಡು ಬರುತ್ತದೆ. ನಾವು ಭೇಟಿಯಾಗಿಲ್ಲ. ಅವರಿಗೆ ಅಂಗಡಿ, ಮಕ್ಕಳು, ಕಾರ್ಯಕ್ರಮ. ನನಗೆ ಶಾಲೆ. ಹಾಡು ಬಂದ ದಿನ ಕೋಣೆಯಲ್ಲಿ ಇಬ್ಬರಿದ್ದ ಹಾಗಿರುತ್ತದೆ. ಉಳಿದ ದಿನಗಳಲ್ಲಿ ಗಂಟು ಬಿದ್ದ ಕೇಬಲ್ ಬಿಡಿಸುತ್ತೇನೆ, ಉತ್ತರಪತ್ರಿಕೆ ತಿದ್ದುತ್ತೇನೆ, ಒಬ್ಬಳಿಗೆ ಅಳತೆ ಮಾಡಿ ಅನ್ನಕ್ಕಿಡುತ್ತೇನೆ. ಈ ತಿಂಗಳದು ಇನ್ನೂ ಬಂದಿಲ್ಲ.