ಇಂದ್ರಾಣಮ್ಮ ಹೊಲಿದ ಕೊನೆಗಳು

ಬೆಳಗಿನ ಐದೂವರೆ. ಚಿನ್ನದ ಗಣಿಯೂರಾದ ಕೋರಮಂಡಲ್‌ನ ಸಾಲುಮನೆಯೊಂದರಲ್ಲಿ ಒಲೆಯ ಮೇಲೆ ಗಂಜಿಯಂಥದ್ದೇನೋ ಕುದಿಯುತ್ತಿದೆ. ತಿಂಡಿ ಇರಬೇಕೆಂದು ತಟ್ಟೆ ಹಿಡಿದು ಬಂದವರಿಗೆ ನಿರಾಸೆ ಖಂಡಿತ. ಅದು ಮೈದಾ ಅಂಟು. ಹುಳು ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಉದುರಿಸಿ, ಕೋಲಿನಿಂದ ತಿರುವುತ್ತಿದ್ದಾರೆ ಅರವತ್ತರ ಇಂದ್ರಾಣಿ. ಪಕ್ಕದಲ್ಲಿ ಬೆನ್ನು ಮುರಿದ ಹತ್ತು ಕಾದಂಬರಿಗಳು ಸರದಿ ಕಾಯುತ್ತಿವೆ. ಬಂಗಾರಪೇಟೆ ಸ್ಟೇಷನ್ ಬಳಿ ಸುಧಾಕರ್ ನಡೆಸುವ ಬಾಡಿಗೆ ಪುಸ್ತಕದಂಗಡಿಯವು ಅವು. ಕೆಲಸಕ್ಕೆಂದು ಬೆಂಗಳೂರಿನ ರೈಲು ಹತ್ತುವವರು ಸೋಮವಾರ ಒಯ್ದು ಶನಿವಾರ ಹಿಂದಿರುಗಿಸುತ್ತಾರೆ.

ದಿನಕ್ಕೆ ಹತ್ತು ಪುಸ್ತಕ, ಒಂದೊಂದಕ್ಕೂ ನೂರಕ್ಕೂ ಮಿಕ್ಕಿ ಹೊಲಿಗೆ. ಎಡಗೈ ಹೆಬ್ಬೆರಳು ಸೂಜಿ ಚುಚ್ಚಿಸಿಕೊಂಡು ಮರಗಟ್ಟಿದೆ. ಈ ಕೆಲಸ ಕಲಿಸಿದ್ದು ಅತ್ತೆ. 2001ರಲ್ಲಿ ಗಣಿ ಮುಚ್ಚಿ ಗಂಡ ರಾಜ್‌ಕುಮಾರ್ ಮನೆಯಲ್ಲಿ ಕೂತಾಗ ಸಂಸಾರ ನಡೆದದ್ದು ಇದೇ ಸೂಜಿಯಿಂದ.

"ಪುಸ್ತಕಕ್ಕೆ ಮೊದ್ಲು ಓಗೋದೇ ಕೊನೆ ಆಳೆ ಸಾರ್," ಎನ್ನುತ್ತಾರೆ ಇಂದ್ರಾಣಿ. "ಚೀಲ್ದಾಗೆ ತುರುಕ್ತಾರೆ, ರೈಲ್ನಾಗೆ ಮಡಿಸ್ತಾರೆ. ಕತೆ ಮುಗಿಯೋ ಜಾಗ್ದಾಗೇ ಕಿತ್ಕಂಡ್ ಓಯ್ತದೆ. ಓದ್ದೋರು ಬಂದು ಬೈಯೋದು ನನ್ನನ್ನ."

ಆ ಬೈಗುಳಕ್ಕೆ ಅವರು ಕಂಡುಕೊಂಡಿದ್ದ ಉಪಾಯ ಕೇಳಿದರೆ ಯಾರಾದರೂ ಹೌಹಾರಬೇಕು. ಹಳೆಯ ಕಾದಂಬರಿಗಳಿಗೆ ಬೇರೆ ಪ್ರತಿ ಸಿಗುವುದಿಲ್ಲ. ಇಂದ್ರಾಣಿಗೆ ಪುಸ್ತಕ ಪೂರ್ತಿ ಓದಲು ಪುರುಸೊತ್ತೂ ಇಲ್ಲ. ಆದರೆ ಕಾದಂಬರಿಯಿಂದ ತೆಗೆದ ಸಿನಿಮಾಗಳೆಂದರೆ ಅವರಿಗೆ ಪ್ರಾಣ. ಚಿಕ್ಕವರಿದ್ದಾಗ ಗಣಿಯ ಮೈದಾನದಲ್ಲಿ ಬಿಳಿಬಟ್ಟೆ ಕಟ್ಟಿ ತೋರಿಸಿದ್ದನ್ನೆಲ್ಲ ನೋಡಿದ್ದಾರೆ. ಹಾಗಾಗಿ ಎರಡು ಬಿಳಿ ಹಾಳೆ ತೆಗೆದು, ಸಿನಿಮಾದ ಕೊನೆಯನ್ನು ಗುಂಡನೆಯ ಅಕ್ಷರದಲ್ಲಿ ಬರೆದು, ಪುಸ್ತಕಕ್ಕೆ ಹೊಲಿದುಬಿಡುತ್ತಿದ್ದರು! ಸಿನಿಮಾ ಆಗದ ಕಾದಂಬರಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಹೀಗೆ ನಲವತ್ತೊಂದು ಪುಸ್ತಕಗಳು ಮುಗಿದಿವೆ. ಓದುಗರು ಓದಿದ್ದಾರೆ, ಅತ್ತಿದ್ದಾರೆ, ಯಾರಿಗೂ ಅನುಮಾನ ಬಂದಿಲ್ಲ.

ಎಲ್ಲಕ್ಕಿಂತ ಅವರಿಗೆ ಇಷ್ಟವಾದದ್ದು ಮುಖಪುಟದಲ್ಲಿ ಹಳದಿ ಸೀರೆಯ ಹೆಂಗಸಿರುವ ಕಾದಂಬರಿಯ ಸಿನಿಮಾ. ಗಂಡನ ಹೊಡೆತ ತಾಳಲಾರದೆ ಅವಳು ಟ್ರಂಕು ಹಿಡಿದು ಸ್ಟೇಷನ್ನಿಗೆ ಬರುತ್ತಾಳೆ. ರೈಲು ಹತ್ತುತ್ತಾಳೆ. ಬೆಳಗಾಗುವಾಗ ಹೊಸ ಊರಲ್ಲಿ ಇಳಿದು, ಕೆಲಸ ಹಿಡಿದು, ತನ್ನದೇ ಮನೆಯ ಬೀಗ ತೆಗೆಯುತ್ತಾಳೆ. ಇಂದ್ರಾಣಿ ಬರೆದದ್ದು ಹೀಗೆ.

ಹೋದ ತಿಂಗಳು ಯಾರದೋ ಮನೆಯಿಂದ ಬಂದ ಹಳೆ ಪುಸ್ತಕಗಳ ಮೂಟೆಯಲ್ಲಿ ಅದೇ ಕಾದಂಬರಿಯ ಇನ್ನೊಂದು ಪ್ರತಿ ಸಿಗುತ್ತದೆ. ಒಂದು ಹಾಳೆಯೂ ಹರಿದಿಲ್ಲ. ಅಂಟು ಹಚ್ಚುತ್ತಾ ಕೊನೆಯ ಪುಟದ ಮೇಲೆ ಕಣ್ಣಾಡಿಸಿದ ಇಂದ್ರಾಣಿಯ ಕೈ ಅಲ್ಲೇ ನಿಲ್ಲುತ್ತದೆ. ಪುಸ್ತಕದಲ್ಲಿ ರೈಲು ಹೊರಟುಹೋಗುತ್ತದೆ. ಅವಳು ಬೆಂಚಿನಿಂದ ಏಳುವುದೇ ಇಲ್ಲ. ಕತ್ತಲಾದ ಮೇಲೆ ಟ್ರಂಕು ಹೊತ್ತು ಅದೇ ಗಂಡನ ಮನೆಗೆ ಹಿಂದಿರುಗುತ್ತಾಳೆ.

"ಮೂರು ಸಲ ಓದ್ದೆ, ಅಕ್ಷರ ಬದ್ಲಾಗಲ್ಲ! ಇಷ್ಟು ಜನಕ್ಕೆ ಸುಳ್ಳು ಓದಿಸ್ಬುಟ್ನಲ್ಲಾ ಅಂತ ಅಂಟೆಲ್ಲ ಸೀದೋದ್ರೂ ಗೊತ್ತಾಗ್ಲಿಲ್ಲ."

ಮುಚ್ಚಿಡುವ ಪೈಕಿಯಲ್ಲ ಅವರು. ಕೆಲಸ ಹೋದರೂ ಹೋಗಲಿ ಎಂದು ಮೊದಲ ಬಸ್ಸಿಗೇ ಬಂಗಾರಪೇಟೆಗೆ ಹೋಗಿ ಎಲ್ಲ ಹೇಳುತ್ತಾರೆ. ಸುಧಾಕರ್ ಕೈಲಿದ್ದ ಟೀ ಲೋಟ ಹಾಗೇ ನಿಲ್ಲುತ್ತದೆ.

"ಅಯ್ಯಯ್ಯೋ, ಯಾವ್ದೋ ಬೇರೆ ಪ್ರತಿ ನೋಡ್ಕೊಂಡು ಬರೀತಿದ್ದೀರ ಅಂದ್ಕೊಂಡಿದ್ದೆ ಕಣಮ್ಮಾ! ಸಿನಿಮಾದೋರು ಕತೆ ತಿರುಚಿದ್ದು ನಮ್ ತಲೆಗೆ ಬಂತಲ್ಲ!"

ಸಿನಿಮಾದವರನ್ನೇ ಹಿಡಿದು ಬೈಯೋಣವೆಂದು ಸುಧಾಕರ್ ಮೊಬೈಲಿನಲ್ಲಿ ಆ ಹಳೆಯ ಚಿತ್ರ ಹುಡುಕಿ ಕೊನೆಯ ಭಾಗ ಹಾಕುತ್ತಾರೆ. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡುತ್ತಾರೆ. ರೈಲು ಹೊರಡುತ್ತದೆ. ಅವಳು ಬೆಂಚಿನಲ್ಲೇ ಕೂತಿದ್ದಾಳೆ. ಇನ್ನೆರಡು ಚಿತ್ರ ಹಾಕುತ್ತಾರೆ. ಅವೂ ಅಕ್ಷರಶಃ ಪುಸ್ತಕದಂತೆಯೇ ಮುಗಿಯುತ್ತವೆ. ಇಂದ್ರಾಣಿ ಬರೆದಂತೆ ಮುಗಿಯುವ ಸಿನಿಮಾ ಈ ಭೂಮಿಯ ಮೇಲೆ ಇಲ್ಲವೇ ಇಲ್ಲ!

ಹಾಗಾದರೆ ಅವರು ಕಂಡದ್ದೇನು? ಅಂಗಡಿಯ ಸ್ಟೂಲಿನ ಮೇಲೆ ಕೂತಾಗ ಅವರಿಗೆ ಒಂದೊಂದೇ ನೆನಪಾಗುತ್ತದೆ. ಅಪ್ಪ ಆರುಮುಗಂ ಚಿನ್ನದ ಗಣಿಗಳಲ್ಲೊಂದಾದ ಮೈಸೂರು ಮೈನ್ಸ್‌ನಲ್ಲಿ ಕೆಲಸಕ್ಕಿದ್ದವರು. ಸಿನಿಮಾ ತೋರಿಸುತ್ತಿದ್ದದ್ದು ಶನಿವಾರ, ಶನಿವಾರವೇ ಅವರಿಗೆ ರಾತ್ರಿ ಪಾಳಿ. ಕೊನೆಯ ರೀಲು ಶುರುವಾಗುವ ಹೊತ್ತಿಗೆ ಗಣಿಯ ಸೈರನ್ ಕೂಗುತ್ತಿತ್ತು. ಮಗಳನ್ನು ಹೆಗಲಿಗೆ ಹಾಕಿಕೊಂಡು ಅಪ್ಪ ಮನೆಯ ಕಡೆ ನಡೆಯುತ್ತಿದ್ದರು, ಉಳಿದ ಕತೆಯನ್ನು ದಾರಿಯುದ್ದಕ್ಕೂ ತಮಿಳಿನಲ್ಲಿ ಹೇಳುತ್ತಿದ್ದರು. ಅರೆನಿದ್ದೆಯಲ್ಲಿ ಕೇಳಿದ್ದನ್ನೆಲ್ಲ ಮಗಳು ಕಂಡದ್ದೆಂದೇ ನಂಬಿದ್ದಳು.

"ನೈನಾನೂ ಕೊನೆ ನೋಡಿರ್ಲಿಲ್ಲ ಸಾರ್," ಎನ್ನುತ್ತಾರೆ, ಈಗಲೂ ನಂಬಲಾಗದ ದನಿಯಲ್ಲಿ. ನೈನಾ ಎಂದರೆ ಅವರ ಮನೆಯಲ್ಲಿ ಅಪ್ಪ. "ಎಲ್ಲಾ ಅವ್ರೇ ಕಟ್ಟಿದ್ದು. ಅವ್ರ ಕತೇಲಿ ಒಬ್ರೂ ಸಾಯಲ್ಲ. ಬೆಳಗಾಗೋದ್ರೊಳ್ಗೆ ಎಲ್ರೂ ಒಂದು ಮನೆ ಸೇರ್ಕಂತಾರೆ. ಮಗ್ಳನ್ನ ಮಲಗ್ಸಿ ನೆಲದೊಳ್ಗೆ ಇಳಿಯೋ ಮನ್ಸ ಇನ್ನೇನ್ ಹೇಳ್ತಾನೆ?"

ಸುಧಾಕರ್ ಅವರದು ವ್ಯಾಪಾರದ ಲೆಕ್ಕ. ಆ ಹಾಳೆಗಳನ್ನೆಲ್ಲ ಕಿತ್ತು, ನಿಜವಾದ ಪುಟ ಸಿಕ್ಕಿದಂತೆಲ್ಲ ಜೆರಾಕ್ಸ್ ಮಾಡಿಸಿ ಸೇರಿಸಿದರಾಯಿತು ಎನ್ನುತ್ತಾರೆ. ಓದುಗರಿಗೆ ಮಾಡಿದ ಮೋಸ ತೊಳೆಯಲು ಬೇರೆ ದಾರಿ ಇಂದ್ರಾಣಿಗೂ ಕಾಣದು. ಅಪ್ಪನ ಕತೆಗಳನ್ನು ತಮ್ಮ ಕೈಯಾರೆ ಕೀಳಬೇಕು. ದಾರ ಕತ್ತರಿಸಲು ಬ್ಲೇಡು ಎತ್ತಿಕೊಂಡಾಗ ಅಂಗಡಿಗೆ ಬಂದವರು ಕ್ಯಾಸಂಬಳ್ಳಿಯ ಕಲ್ಪನ. ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುವ, ಹಳದಿ ಸೀರೆಯ ಕಾದಂಬರಿಯನ್ನು ಮೂರು ಸಲ ಒಯ್ದ ಓದುಗರು. ಇಂದ್ರಾಣಿ ತಲೆತಗ್ಗಿಸಿ ಅವರಿಗೂ ತಪ್ಪೊಪ್ಪಿಕೊಳ್ಳುತ್ತಾರೆ.

ಕಲ್ಪನ ಹತ್ತಿರ ಬರುತ್ತಾರೆ. "ಅವ್ಳು ರೈಲತ್ತಲ್ವಾ ಅಕ್ಕಾ?"

"ಇಲ್ಲಮ್ಮ. ವಾಪಸ್ ಓಯ್ತಾಳೆ."

ಕಲ್ಪನ ಪುಸ್ತಕದ ಮೇಲೆ ಕೈಯಿಟ್ಟು ಹೇಳುತ್ತಾರೆ: "ಆರು ವರ್ಷದ ಇಂದೆ ನಾನೂ ಗಂಡನ ಮನೆ ಬಿಟ್ಟು ಇದೇ ಸ್ಟೇಷನ್ನಾಗೆ ಚೀಲ ಇಡ್ಕೊಂಡು ಕೂತಿದ್ದೆ. ನೀವು ಬರ್ದಿದ್ದು ಓದಿದ್ದಕ್ಕೇ ಎದ್ದು ರೈಲತ್ತಿ ಈ ಕೆಲ್ಸ ಇಡ್ದಿದ್ದು. ಆ ಆಳೆ ಮಾತ್ರ ಕೀಳ್ಬೇಡಿ."

ಇಂದ್ರಾಣಿ ಬ್ಲೇಡು ಕೆಳಗಿಡುತ್ತಾರೆ. ತಮ್ಮ ಎರಡು ಹಾಳೆ ಒಬ್ಬ ಹೆಂಗಸನ್ನು ಬೆಂಚಿನಿಂದ ಎಬ್ಬಿಸಿದೆ ಎಂಬುದನ್ನು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಈಗ ಹೊಸ ಪದ್ಧತಿ. ನಿಜವಾದ ಪುಟ ಸಿಕ್ಕಿದರೆ ಅದು ಮೊದಲು. ಅದರ ಹಿಂದೆ ಗುಂಡನೆಯ ಅಕ್ಷರದ ಹಾಳೆಗಳು, ಮೇಲೊಂದು ಹೊಸ ಸಾಲು: 'ಇದು ಪುಸ್ತಕದ್ದಲ್ಲ. ಮೈಸೂರು ಮೈನ್ಸ್ ಆರುಮುಗಂ ಹೇಳಿದ ಕೊನೆ.' ಪುಟ ಸಿಗದ ಪುಸ್ತಕಗಳಿಗೂ ಅದೇ ಸಾಲು.

ಹೊರಗೆ ಬೆಳಕು ಹರಿದಿದೆ, ಅಂಟು ಆರುತ್ತಿದೆ. ಇಂದ್ರಾಣಿ ದಾರ ಎಳೆದು ಗಂಟು ಹಾಕಿ, ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಆ ಸಾಲಿನ ಮೇಲೆ ಬೆರಳಾಡಿಸುತ್ತಾರೆ.

"ನಮ್ ನೈನಾಗೆ ಸಹಿ ಆಕಕ್ಕೂ ಬತ್ತಿರ್ಲಿಲ್ಲ ಸಾರ್, ಎಬ್ಬೆಟ್ಟು ಒತ್ತೋರು. ಈಗ ನಲವತ್ತೊಂದು ಪುಸ್ತಕದಾಗೆ ಅವ್ರ ಎಸ್ರೈತೆ."