ಸಪ್ಪರ್ ಕ್ಲಬ್ಬಿನ ಉಶ್ಶಣ್ಣ

ನಮ್ಮ ಸಪ್ಪರ್ ಕ್ಲಬ್ಬಿನ ಹಿರಿಯ ವೇಟರನ್ನು ಎಲ್ಲರೂ ಕರೆಯುವುದು ಉಶ್ಶಣ್ಣ ಎಂದು. ಸಂಜೆ ಜಾಝ್ ಗಾಯಕಿ ಮೈಕಿನ ಮುಂದೆ ನಿಂತಳೆಂದರೆ, ಊಟಕ್ಕೆ ಬಂದವರ ಬಾಯಿಗೆಲ್ಲ "ಉಶ್" ಎಂದು ಬೀಗ ಹಾಕುವ ಹೊಣೆ ತನ್ನದೇ ಎಂದು ಅವನು ತಿಳಿದಿದ್ದಾನೆ. ಮೆಲುದನಿಯ ಹಾಡಿದ್ದಾಗ ಕರಕರ ಎನ್ನುವ ಯಾವ ತಿನಿಸನ್ನೂ ಅಡುಗೆಮನೆಯಿಂದ ಆಚೆ ಬಿಡುವುದಿಲ್ಲ. "ಸಾರ್, ಸೂಪನ್ನ ಸೊರಸೊರ ಅಂತ ಹೀರಬೇಡಿ, ಡ್ರಮ್ ಬಾರಿಸೋರಿಗೆ ತಾಳ ತಪ್ಪತ್ತೆ," ಎಂದು ಕಿವಿಯಲ್ಲಿ ಹೇಳುತ್ತಾನೆ. ಒಮ್ಮೆ ಮೇಯರ್ ಸಾಹೇಬರೇ ಫೋನಿನಲ್ಲಿ ಮಾತಿಗಿಳಿದಾಗ, "ಮೊದಲು ಅವರ ಹಾಡು ಮುಗೀಲಿ, ಆಮೇಲೆ ನಿಮ್ಮದು," ಎಂದು ಫೋನನ್ನು ಕಿತ್ತುಕೊಂಡು ಬ್ರೆಡ್ಡಿನ ಬುಟ್ಟಿಯಲ್ಲಿ ಮುಚ್ಚಿಟ್ಟ. ಜಾಝ್ ಬಗ್ಗೆ ನಿನಗೇನು ಗೊತ್ತು ಎಂದರೆ, "ಏನೂ ಗೊತ್ತಿಲ್ಲ, ಆಯಮ್ಮ ಕಷ್ಟಪಟ್ಟು ಹಾಡ್ತಾರೆ, ಅಷ್ಟು ಗೊತ್ತು," ಎನ್ನುತ್ತಾನೆ. ಹೋದ ಶನಿವಾರ, ತಾಯಿ ತೀರಿಕೊಂಡ ವಾರಕ್ಕೇ ಹಾಡಲು ಬಂದ ಆ ಗಾಯಕಿಯ ದನಿ ಹಾಡಿನ ನಡುವೆ ಒಡೆದು ನಿಂತುಹೋಯಿತು. ಎಲ್ಲರ ಕಣ್ಣೂ ಅವಳ ಮೇಲೆಯೇ. ಆಗ ಉಶ್ಶಣ್ಣನ ಕೈಯಲ್ಲಿದ್ದ ಇಪ್ಪತ್ತು ತಟ್ಟೆಗಳು ಧಡಾರನೆ ನೆಲಕ್ಕೆ ಬಿದ್ದವು. ಜನ ಅವನತ್ತ ತಿರುಗಿ ನಗುವಷ್ಟರಲ್ಲಿ ಅವಳು ಕಣ್ಣೊರೆಸಿಕೊಂಡು, ನೀರು ಕುಡಿದು, ಹಾಡನ್ನು ಮತ್ತೆ ಎತ್ತಿಕೊಂಡಳು. "ವಯಸ್ಸಾಯ್ತು ಸಾರ್, ಕೈ ಜಾರ್ತು," ಎಂದು ಅವನು ಮಾಲೀಕರ ಮುಂದೆ ತಲೆ ತಗ್ಗಿಸಿ ನಿಂತ. ಅದಕ್ಕೆ ಮುಂಚಿನ ಇಪ್ಪತ್ತೆರಡು ವರ್ಷಗಳಲ್ಲಿ ಅವನ ಕೈಯಿಂದ ಒಂದು ಚಮಚವೂ ಜಾರಿದ್ದಿಲ್ಲ.